ಮಾಜಿ ಸೈನಿಕರ ಗೃಹಸಾಲ: ಪಿಂಚಣಿ ಗಟ್ಟಿ ಇದ್ದರೆ ಸಾಲದು, ಉತಾರವೂ ಗಟ್ಟಿ ಇರಬೇಕು

ಮಿಲಿಟರಿ ಕ್ಯಾಂಟೀನ್ ಸಾಲಿನಲ್ಲಿ ನಿಂತಾಗ ಮೊಬೈಲಿನಲ್ಲಿ ಒಂದು ವಿಡಿಯೋ ಮುಂದೆ ಹಿಡಿದು ಕೇಳುವವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. "ಸಾಹೇಬ್ರ, ಫೌಜಿಗಳಿಗೆ ಕೈಯಿಂದ ಒಂದು ರೂಪಾಯಿ ಹಾಕದ ಮನಿಗೆ ಪೂರ್ತಿ ಸಾಲ ಕೊಡ್ತಾರಂತ, ಖರೇನ್ರಿ?" ಖರೆ. ಆದರೆ ಅಮೆರಿಕದಲ್ಲಿ. ಅಲ್ಲಿ 1944ರಿಂದಲೂ ಮಾಜಿ ಸೈನಿಕರ ಗೃಹಸಾಲಕ್ಕೆ ಸರ್ಕಾರವೇ ಒಂದು ಭಾಗಕ್ಕೆ ಗ್ಯಾರಂಟಿ ನಿಲ್ಲುತ್ತದೆ. ಹಾಗಾಗಿ ಸಾಲ ಕೊಡುವವರು ಸಾಮಾನ್ಯವಾಗಿ ಮುಂಗಡ ಕೇಳುವುದಿಲ್ಲ. ಆ ವಿಡಿಯೋ ಹಿಂದಿಗೆ ಡಬ್ ಆಗಿ, ಒಂದು ವಾಟ್ಸಾಪ್ ಗುಂಪಿನಿಂದ ಇನ್ನೊಂದಕ್ಕೆ ಹಾರಿ, ಗದಗಿಗೆ ಬಂದು ಮುಟ್ಟುವಷ್ಟರಲ್ಲಿ ದೇಶದ ಹೆಸರು ದಾರಿಯಲ್ಲೇ ಉದುರಿ ಹೋಗಿರುತ್ತದೆ.

ನಮ್ಮಲ್ಲಿ ಹಾಗಿಲ್ಲ. ಕೆಲವು ಬ್ಯಾಂಕುಗಳು ಸೈನಿಕರಿಗೆ, ರಕ್ಷಣಾ ಪಿಂಚಣಿದಾರರಿಗೆ ಬಡ್ಡಿಯಲ್ಲೋ ಪ್ರೊಸೆಸಿಂಗ್ ಫೀಯಲ್ಲೋ ಸ್ವಲ್ಪ ಬಿಡುತ್ತವೆ, ಕೇಳಿದರೆ ಮಾತ್ರ. ಆರ್ಮಿ ಗ್ರೂಪ್ ಇನ್ಶೂರೆನ್ಸ್‌ನ ಮನೆ ಸಾಲ ಸೇವೆಯಲ್ಲಿ ಇರುವವರಿಗೆ. ಡಿಸ್ಚಾರ್ಜ್ ಆದ ಮೇಲೆ ನೀವೂ ನಿಮ್ಮ ಪಕ್ಕದ ಮನೆಯ ಹೈಸ್ಕೂಲ್ ಮಾಸ್ತರರೂ ಒಂದೇ ಕೌಂಟರ್ ಮುಂದೆ, ಒಂದೇ ಫಾರ್ಮ್ ಹಿಡಿದು ನಿಲ್ಲುತ್ತೀರಿ. ವ್ಯತ್ಯಾಸ ಏನೆಂದರೆ ಅವರು 60ಕ್ಕೆ ರಿಟೈರ್ ಆಗುತ್ತಾರೆ, ನೀವು 40ಕ್ಕೇ ಆಗಿರುತ್ತೀರಿ.

ನಾನು ಫೌಜಿನಲ್ಲಿ ಕ್ಲರ್ಕ್ ಆಗಿದ್ದವನು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಬೇರೆಯವರ ಪಾರ್ಟ್ ಟೂ ಆರ್ಡರ್ (ಸೈನಿಕನ ವೈಯಕ್ತಿಕ ವಿವರ ದಾಖಲಿಸುವ ಆದೇಶ), ರಜೆ, ಹೆಂಡತಿ-ಮಕ್ಕಳ ಹೆಸರು ಸರಿ ಮಾಡಿದ್ದೇ ಮಾಡಿದ್ದು. ಹವಾಲ್ದಾರ್ ಆಗಿ ಹುಬ್ಬಳ್ಳಿಗೆ ವಾಪಸ್ ಬಂದು ಮನೆ ಕೊಳ್ಳಲು ಹೊರಟಾಗ, ಕಾಗದದ ವಿಷಯದಲ್ಲಿ ನನಗ್ಯಾರು ಹೇಳಬೇಕು ಅನ್ನೋ ಸೊಕ್ಕು ಇತ್ತು. ಎಡವಿದ್ದು ಕಾಗದದಲ್ಲೇ. ಅದನ್ನ ಆಮೇಲೆ ಹೇಳುತ್ತೇನೆ.

ಬ್ಯಾಂಕಿನಲ್ಲಿ ನಿಮ್ಮ ಫೈಲು ಎರಡು ಮೇಜು ದಾಟಬೇಕು. ಒಂದು ಮೇಜಿನಲ್ಲಿ ಈ ಮನುಷ್ಯ ಕಂತು ಕಟ್ಟುತ್ತಾನಾ ಅಂತ ನೋಡುತ್ತಾರೆ. ಇನ್ನೊಂದರಲ್ಲಿ ಉತಾರ, ಅಂದರೆ ಆಸ್ತಿಯ ದಾಖಲೆ ತೆಗೆದು, ಈ ಮನೆ ನಿಜವಾಗಿಯೂ ಮಾರುವವನದೇನಾ ಅಂತ. ಫೌಜಿಗಳು ಮೊದಲನೇ ಮೇಜು ಸಲೀಸಾಗಿ ದಾಟುತ್ತಾರೆ, ಎರಡನೇದರಲ್ಲಿ ಸಿಕ್ಕಿಬೀಳುತ್ತಾರೆ. ನಾನು ನೋಡಿದ ಫೈಲುಗಳಲ್ಲಿ ಬಹುತೇಕ ಇದೇ ಕಥೆ.

ಮೊದಲನೇ ಮೇಜಿಗೆ ಬೇಕಾಗಿದ್ದು ಇಷ್ಟು. ಪಿಪಿಓ (ಪಿಂಚಣಿ ಪಾವತಿ ಆದೇಶ), ಡಿಸ್ಚಾರ್ಜ್ ಬುಕ್, ರಕ್ಷಣಾ ಪಿಂಚಣಿಯ ಸ್ಪರ್ಶ್ ಪೋರ್ಟಲ್‌ನಿಂದ ತೆಗೆದ ಪಿಂಚಣಿ ಸ್ಲಿಪ್ ಮತ್ತು ಫಾರ್ಮ್ 16, ಪಿಂಚಣಿ ಬರುವ ಖಾತೆಯ ಆರು ತಿಂಗಳ ಇಲ್ಲವೇ ಒಂದು ವರ್ಷದ ಸ್ಟೇಟ್‌ಮೆಂಟ್, ಆಧಾರ್, ಪ್ಯಾನ್. ಕೆಲವರು ಮಾಜಿ ಸೈನಿಕ ಗುರುತಿನ ಚೀಟಿ ಕೇಳುತ್ತಾರೆ. ಅದನ್ನ ಇನ್ನೂ ಮಾಡಿಸಿಲ್ಲ ಅಂದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ ಮಾಡಿಸಿಕೊಳ್ಳಿ, ಮನೆ ತಗೊಳ್ಳಲಿ ಬಿಡಲಿ ಬೇಕಾಗುತ್ತದೆ.

ಈ ಎಲ್ಲ ಕಾಗದದಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ನಮ್ಮ ಕಡೆ ಇದೇ ದೊಡ್ಡ ತಲೆನೋವು. ಪಿಪಿಓದಲ್ಲಿ ಹೆಂಡತಿ ದ್ಯಾಮವ್ವ. ಆಧಾರ್‌ನಲ್ಲಿ ದ್ಯಾಮಮ್ಮ. ಪ್ಯಾನ್‌ನಲ್ಲಿ ಅಡ್ಡಹೆಸರು ಮುಂದೆ ಬಂದು, ಗಂಡನ ಹೆಸರು ಹಿಂದೆ ಹೋಗಿ, ನಡುವೆ ಒಂದು ಇಂಗ್ಲಿಷ್ ಅಕ್ಷರ ಹೆಚ್ಚಾಗಿರುತ್ತದೆ. ಭರ್ತಿ ಆದ ದಿನ ಹಿಂದಿಯವನೊಬ್ಬ ಕೇಳಿಸಿಕೊಂಡಷ್ಟು ಬರೆದಿರುತ್ತಾನೆ, ಅದು ಇಪ್ಪತ್ತು ವರ್ಷ ಹಾಗೇ ಉಳಿದಿರುತ್ತದೆ. ಮನೆ ಇಬ್ಬರ ಹೆಸರಿಗೆ ಕೊಳ್ಳುವಾಗ ಇಂಥದ್ದೊಂದು ಅಕ್ಷರಕ್ಕೆ ಫೈಲು ವಾರಗಟ್ಟಲೆ ನಿಲ್ಲುತ್ತದೆ. ಸಣ್ಣ ವ್ಯತ್ಯಾಸಕ್ಕೆ ಅಫಿಡವಿಟ್ ಸಾಕಾಗಬಹುದು. ಪಿಪಿಓದಲ್ಲೇ ತಪ್ಪಿದ್ದರೆ ರೆಕಾರ್ಡ್ ಆಫೀಸಿಗೆ ಬರೆದು ಸರಿ ಮಾಡಿಸಿ. ಸಾಲಕ್ಕಷ್ಟೇ ಅಲ್ಲ, ನಾಳೆ ನೀವಿಲ್ಲದಾಗ ಕುಟುಂಬ ಪಿಂಚಣಿಗೂ ಅದೇ ಹೆಸರು ಬೇಕು. ಇನ್ನೂ ಸೇವೆಯಲ್ಲಿ ಇರುವ ತಮ್ಮಂದಿರು ಇದನ್ನ ಓದುತ್ತಿದ್ದರೆ, ಈಗಲೇ ನಿಮ್ಮ ಯೂನಿಟ್ ಬಾಬು ಹತ್ತಿರ ಹೋಗಿ. ಚಾಗೆ ಕರೆದುಕೊಂಡು ಹೋಗಿ, ಕೆಲಸ ಬೇಗ ಆಗುತ್ತದೆ.

ಈಗ ದುಡ್ಡಿನ ಲೆಕ್ಕ. ಬ್ಯಾಂಕು ನಿಮ್ಮ ತಿಂಗಳ ಆದಾಯದಲ್ಲಿ ಸುಮಾರು ಅರ್ಧದಷ್ಟು ಕಂತಿಗೆ ಹೋದರೆ ಪರವಾಗಿಲ್ಲ ಅಂತ ನೋಡುತ್ತದೆ. ಕೆಲವರು ಅದಕ್ಕಿಂತ ಸ್ವಲ್ಪ ಮೇಲೂ ಹೋಗುತ್ತಾರೆ. ಆ ಅರ್ಧದಲ್ಲಿ ಈಗಾಗಲೇ ನಡೆಯುತ್ತಿರುವ ಕಂತುಗಳೂ ಸೇರುತ್ತವೆ: ಕ್ಯಾಂಟೀನಿಂದ ತಗೊಂಡ ಕಾರು, ತಂಗಿ ಮದುವೆಗೆ ಎತ್ತಿದ ಪರ್ಸನಲ್ ಲೋನ್, ಬೈಕು. ಗೆಳೆಯನಿಗೆ ಜಾಮೀನು ನಿಂತಿದ್ದರೆ ಅದೂ ನಿಮ್ಮ ಸಿಬಿಲ್ ವರದಿಯಲ್ಲಿ, ಅಂದರೆ ಸಾಲದ ಚರಿತ್ರೆಯಲ್ಲಿ, ಕಾಣುತ್ತದೆ. ಸಿಬಿಲ್ ಅಂಕ 300ರಿಂದ 900ರವರೆಗೆ ಇರುತ್ತದೆ. 750ರ ಮೇಲಿದ್ದರೆ ಮಾತು ಸುಲಭ. ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನ ಪುಕ್ಕಟೆ ನೋಡಬಹುದು, ಬ್ಯಾಂಕಿಗೆ ಹೋಗುವ ಮೊದಲೇ ನೋಡಿಕೊಳ್ಳಿ.

ಆದಾಯ ಅಂದರೆ ಯಾವುದು? ಇಲ್ಲಿ ಕಮ್ಯುಟೇಶನ್ ವಿಷಯ ಬರುತ್ತದೆ. ನಮ್ಮವರು ಇದಕ್ಕೆ "ಪಿಂಚಣಿ ಮಾರಿದೆ" ಅಂತಾರೆ. ಸೇನೆಯವರು ಮೂಲ ಪಿಂಚಣಿಯ ಅರ್ಧದವರೆಗೆ ಮಾರಿ ಒಟ್ಟಿಗೆ ದುಡ್ಡು ತಗೊಳ್ಳಬಹುದು. ಮಾರಿದ ಭಾಗ 15 ವರ್ಷ ಆದಮೇಲೆ ವಾಪಸ್ ಬರುತ್ತದೆ. ಒಂದು ಲೆಕ್ಕ ಹಾಕೋಣ. ಮೂಲ ಪಿಂಚಣಿ 24,000 ಅಂತ ಹಿಡಿಯಿರಿ. ತುಟ್ಟಿಭತ್ಯೆ ಆಗಾಗ ಬದಲಾಗುತ್ತದೆ, ಲೆಕ್ಕ ಸುಲಭ ಆಗಲಿ ಅಂತ ಶೇ. 50 ಅಂದುಕೊಳ್ಳೋಣ. ಒಟ್ಟು 36,000. ಅರ್ಧ ಪಿಂಚಣಿ ಮಾರಿದರೆ ತಿಂಗಳಿಗೆ 12,000 ಕಡಿತ. ತುಟ್ಟಿಭತ್ಯೆ ಮಾತ್ರ ಪೂರ್ತಿ 24,000ದ ಮೇಲೇ ಸಿಗುತ್ತದೆ, ಅದನ್ನ ಮುಟ್ಟುವುದಿಲ್ಲ. ಕೈಗೆ ಬರುವುದು 24,000. ನಲವತ್ತರ ಆಸುಪಾಸಿನಲ್ಲಿ ವರ್ಷದ ಕಡಿತಕ್ಕೆ ಗುಣಿಸುವ ಗುಣಕ 9ರ ಹತ್ತಿರ ಇರುವುದರಿಂದ ಒಟ್ಟಿಗೆ ಸಿಗುವ ಮೊತ್ತ ಸುಮಾರು 13 ಲಕ್ಷ, ಅದಕ್ಕೆ ತೆರಿಗೆ ಇಲ್ಲ.

ಈಗ ಬ್ಯಾಂಕಿನ ಕಣ್ಣಿಂದ ನೋಡಿ. ಮಾರದೇ ಇದ್ದಿದ್ದರೆ 18,000ದವರೆಗೆ ಕಂತು ಕಟ್ಟಬಹುದಿತ್ತು. ಶೇ. 8 ಬಡ್ಡಿ, 20 ವರ್ಷ ಅಂದರೆ ಒಂದು ಲಕ್ಷಕ್ಕೆ ಕಂತು ಸುಮಾರು 836 ರೂಪಾಯಿ. ಅಲ್ಲಿಗೆ ಸಾಲ 21 ಲಕ್ಷ ಚಿಲ್ಲರೆ. ಮಾರಿದ ಮೇಲೆ ಕಂತು 12,000, ಸಾಲ 14 ಲಕ್ಷ ಚಿಲ್ಲರೆ. ಸಾಲ 7 ಲಕ್ಷ ಕಡಿಮೆ ಆಯಿತು, ಕೈಯಲ್ಲಿ 13 ಲಕ್ಷ ಬಂತು. ಹಾಗಾದರೆ ಮಾರಿದ್ದೇ ಒಳ್ಳೆಯದಲ್ವಾ? ಮನೆ ಕೊಳ್ಳುವವರಿಗೆ ಬಹುತೇಕ ಹೌದು. 13 ಲಕ್ಷಕ್ಕೆ 15 ವರ್ಷ ತಿಂಗಳಿಗೆ 12,000 ಕಟ್ಟಿದ ಹಾಗೆ ಲೆಕ್ಕ ಹಾಕಿದರೆ ಬಡ್ಡಿ ಶೇ. 7 ಚಿಲ್ಲರೆ ಬೀಳುತ್ತದೆ, ಗೃಹಸಾಲದ ಆಸುಪಾಸು. ಮೇಲಾಗಿ ನಡುವೆ ಮನುಷ್ಯ ತೀರಿಕೊಂಡರೆ ಆ ಕಡಿತ ಅವನ ಜೊತೆಗೇ ಹೋಗುತ್ತದೆ, ಹೆಂಡತಿಯ ಕುಟುಂಬ ಪಿಂಚಣಿಗೆ ಅಂಟುವುದಿಲ್ಲ. ಅಷ್ಟು ಉದಾರವಾದ ಸಾಲ ಬ್ಯಾಂಕಿನಲ್ಲಿ ಸಿಗುವುದಿಲ್ಲ.

ಎಡವಟ್ಟು ಆಗುವುದು ಬೇರೆ ಕಡೆ. ಆ 13 ಲಕ್ಷ, ಗ್ರ್ಯಾಚುಟಿ, ಪ್ರಾವಿಡೆಂಟ್ ಫಂಡ್, ಗ್ರೂಪ್ ಇನ್ಶೂರೆನ್ಸ್ ದುಡ್ಡು ಎಲ್ಲ ಒಂದೇ ತಿಂಗಳಲ್ಲಿ ಖಾತೆಗೆ ಬಂದು ಬೀಳುತ್ತದೆ. ಊರಿಗೆ ಬರುವ ಮೊದಲೇ ಊರಿಗೆ ಸುದ್ದಿ ಮುಟ್ಟಿರುತ್ತದೆ. ಅಣ್ಣನಿಗೆ ಬೋರ್‌ವೆಲ್, ಮಾವನಿಗೆ ಟ್ರ್ಯಾಕ್ಟರ್, ಉಳಿದದ್ದು "ವರ್ಷದಲ್ಲಿ ಡಬಲ್" ಅಂದವನ ಕೈಗೆ. ಮನೆ ನೋಡಲು ಹೊರಟಾಗ ಮುಂಗಡಕ್ಕೆ ದುಡ್ಡಿಲ್ಲ, ಪಿಂಚಣಿಯೂ ಕಡಿಮೆ. ಅಂಥವರಿಗೆ ಎರಡೂ ಕಡೆ ಹೊಡೆತ.

ಎರಡನೇ ನೌಕರಿ ಇದ್ದರೆ ಆ ಸಂಬಳವೂ ಆದಾಯಕ್ಕೆ ಸೇರುತ್ತದೆ. ಆದರೆ ಕಾಗದ ಬೇಕು. ಬ್ಯಾಂಕಿನ ಗಾರ್ಡ್, ಸಾರಿಗೆ ಸಂಸ್ಥೆ, ಸರ್ಕಾರಿ ಇಲಾಖೆ ಅಂದರೆ ತೊಂದರೆ ಇಲ್ಲ. ಏಜೆನ್ಸಿ ಮೂಲಕ ಸೆಕ್ಯೂರಿಟಿ ಕೆಲಸ ಮಾಡಿ ಅರ್ಧ ಸಂಬಳ ಕೈಗೆ ನಗದು ತಗೊಳ್ಳುತ್ತಿದ್ದರೆ ಆ ಅರ್ಧವನ್ನ ಬ್ಯಾಂಕು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮನೆ ಕೊಳ್ಳುವ ಯೋಚನೆ ಇದ್ದರೆ ಕನಿಷ್ಠ ಆರು ತಿಂಗಳು ಮೊದಲೇ ಪೂರ್ತಿ ಸಂಬಳ ಖಾತೆಗೆ ಹಾಕಿ ಅಂತ ಹೇಳಿ.

ವಯಸ್ಸು ನಿಮ್ಮ ಕಡೆ ಇದೆ. ಬಹಳಷ್ಟು ಬ್ಯಾಂಕುಗಳಿಗೆ ಸಾಲ 70ರ ಒಳಗೆ ಮುಗಿಯಬೇಕು, ಕೆಲವು 75ರವರೆಗೂ ಬಿಡುತ್ತವೆ. 42ಕ್ಕೆ ಹೋದರೆ 20 ವರ್ಷದ ಅವಧಿ ಆರಾಮಾಗಿ ಸಿಗುತ್ತದೆ. 58ಕ್ಕೆ ಹೋದರೆ 12 ವರ್ಷವೋ ಏನೋ, ಕಂತು ದಪ್ಪ ಆಗುತ್ತದೆ. ಕೆಲವೊಮ್ಮೆ ಹೊಸ ಹುಡುಗ ಅಧಿಕಾರಿ ಕಂಪ್ಯೂಟರಿನಲ್ಲಿ "ನಿವೃತ್ತ" ಅಂತ ಒತ್ತಿ ಅವಧಿ ಕಡಿಮೆ ತೋರಿಸುತ್ತಾನೆ. ಪಿಂಚಣಿ ಜೀವ ಇರೋವರೆಗೂ ಬರುತ್ತೆ ಅಂತ ಸಮಾಧಾನದಿಂದ ಹೇಳಿ, ಮ್ಯಾನೇಜರ್ ಹತ್ತಿರ ಮಾತಾಡಿ.

ಅಗ್ನಿವೀರರ ವಿಷಯ ಬೇರೆಯೇ. ನಾಲ್ಕು ವರ್ಷ ಮುಗಿಸಿ ಹೊರಬರುವವರಿಗೆ ಸುಮಾರು 11.71 ಲಕ್ಷದ ಸೇವಾ ನಿಧಿ ಸಿಗುತ್ತದೆ, ಪಿಂಚಣಿ ಇಲ್ಲ. ಮುಂಗಡಕ್ಕೆ ದುಡ್ಡು ಇರುತ್ತದೆ, ಕಂತಿಗೆ ಮುಂದಿನ ನೌಕರಿಯನ್ನೇ ತೋರಿಸಬೇಕು.

ಪಿಂಚಣಿ ತಮ್ಮ ಬ್ಯಾಂಕಿಗೇ ಬರಬೇಕು ಅಂತ ಯಾಕೆ ಹಠ ಮಾಡುತ್ತಾರೆ ಗೊತ್ತಾ? 1871ರ ಪಿಂಚಣಿ ಕಾಯ್ದೆಯ ಪ್ರಕಾರ ಸಾಲಗಾರ ಕೋರ್ಟಿಗೆ ಹೋದರೂ ಪಿಂಚಣಿಯನ್ನ ಜಪ್ತಿ ಮಾಡಿಸುವಂತಿಲ್ಲ. ಬ್ರಿಟಿಷರ ಕಾಲದ ಕಾನೂನು, ಇವತ್ತಿಗೂ ನಡೆಯುತ್ತಿದೆ. ಹಾಗಾಗಿ ಖಾತೆಗೆ ಬಿದ್ದ ಕೂಡಲೇ ಕಂತು ಎಳೆದುಕೊಳ್ಳಲು ನಿಮ್ಮಿಂದ ಒಪ್ಪಿಗೆ ಬರೆಸಿಕೊಳ್ಳುತ್ತಾರೆ. ಮೊದಲು ಬ್ಯಾಂಕೇ ಪಿಂಚಣಿ ಲೆಕ್ಕ ಮಾಡಿ ಕೊಡುತ್ತಿತ್ತು, ಈಗ ಸ್ಪರ್ಶ್ ಮೂಲಕ ಪ್ರಯಾಗರಾಜ್‌ನಿಂದ ನೇರ ನಿಮ್ಮ ಖಾತೆಗೆ ಬರುತ್ತದೆ. ಬ್ಯಾಂಕಿನ ಹಿಡಿತ ಸಡಿಲಾಗಿದೆ, ಅದಕ್ಕೇ ಬ್ಯಾಂಕಿನ ಅನುಮತಿ ಇಲ್ಲದೆ ಖಾತೆ ಬದಲಾಯಿಸುವುದಿಲ್ಲ ಅಂತ ಮುಚ್ಚಳಿಕೆ ಕೇಳುತ್ತಾರೆ. ಕೊಡಿ, ತಪ್ಪೇನಿಲ್ಲ. ಆದರೆ ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಮಾತ್ರ ಮರೆಯಬೇಡಿ. ಅದು ಮರೆತರೆ ಪಿಂಚಣಿ ನಿಲ್ಲುತ್ತದೆ, ಪಿಂಚಣಿ ನಿಂತರೆ ಕಂತು ಬೌನ್ಸ್, ಬೌನ್ಸ್ ಆದರೆ ದಂಡ ಮತ್ತು ಸಿಬಿಲ್ ಎರಡೂ ಕಡೆ ಪೆಟ್ಟು.

ಇನ್ನು ನಿಮ್ಮ ಕೈಯಿಂದ ಎಷ್ಟು ಹಾಕಬೇಕು? ರಿಸರ್ವ್ ಬ್ಯಾಂಕಿನ ನಿಯಮ ಇದೆ. 30 ಲಕ್ಷದವರೆಗಿನ ಸಾಲಕ್ಕೆ ಮನೆಯ ಬೆಲೆಯ ಶೇ. 90ರವರೆಗೆ ಕೊಡಬಹುದು. 30ರಿಂದ 75 ಲಕ್ಷದ ಸಾಲಕ್ಕೆ ಶೇ. 80, ಅದಕ್ಕೂ ಮೇಲೆ ಶೇ. 75. ಇದು ಗರಿಷ್ಠ ಮಿತಿ, ಹಕ್ಕಲ್ಲ. ನೋಂದಣಿ ಖರ್ಚು ಈ ಬೆಲೆಯಲ್ಲಿ ಸೇರುವುದಿಲ್ಲ, 10 ಲಕ್ಷದೊಳಗಿನ ಮನೆ ಒಂದನ್ನು ಬಿಟ್ಟು. ನಮ್ಮ ರಾಜ್ಯದಲ್ಲಿ ಮನೆಗೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು, ಮತ್ತೆ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1 ಇದ್ದದ್ದು ಶೇ. 2 ಆಗಿದೆ. ನಗರದಲ್ಲಿ ಎಲ್ಲ ಸೇರಿ ಶೇ. 7.6ರಷ್ಟು. ಕಡಿಮೆ ಬೆಲೆಯ ಫ್ಲ್ಯಾಟುಗಳಿಗೆ ಮುದ್ರಾಂಕದಲ್ಲಿ ರಿಯಾಯಿತಿ ಇದೆ, ಬಿಡಿ ಮನೆಗೆ ಅದು ಸಿಗದು. 30 ಲಕ್ಷದ ಮನೆ ಅಂದರೆ 3 ಲಕ್ಷ ಮುಂಗಡ, ನೋಂದಣಿಗೆ 2 ಲಕ್ಷ 28 ಸಾವಿರ, ಮೇಲೆ ವಕೀಲರು, ವ್ಯಾಲ್ಯುಯೇಶನ್, ಬ್ಯಾಂಕಿನ ಫೀ. ಸಾಮಾನು ಸಾಗಿಸುವ ಮೊದಲೇ ಆರು ಲಕ್ಷದ ಹತ್ತಿರ ಹೋಯಿತು.

"ಸರ್ಕಾರಿ ರೇಟಿಗೆ ಖರೀದಿ ಹಾಕೋಣ, ಉಳಿದಿದ್ದು ನಗದು ಕೊಡ್ರಿ" ಅನ್ನುವ ಮಾರುವವರು ಇದ್ದೇ ಇರುತ್ತಾರೆ. ಸಾಲ ತಗೊಳ್ಳುವವನಿಗೆ ಇದು ಆಗದ ಮಾತು. ಖರೀದಿ ಪತ್ರದ ಬೆಲೆ, ಬ್ಯಾಂಕಿನ ವ್ಯಾಲ್ಯುಯರ್ ಹೇಳಿದ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ಸಾಲ. ನಗದಿನಲ್ಲಿ ಕೊಟ್ಟ ದುಡ್ಡಿಗೆ ಸಾಲವೂ ಇಲ್ಲ, ರಸೀದಿಯೂ ಇಲ್ಲ.

ಈಗ ಎರಡನೇ ಮೇಜು. ನನ್ನ ಕಥೆ ಇಲ್ಲೇ ಇರುವುದು.

ನನಗೆ ಸಿಕ್ಕಿದ್ದು ಒಂದು ಹಳೇ ಮನೆ. ಮುಂದೆ ಕಟ್ಟೆ, ಹಿಂದೆ ನುಗ್ಗೆ ಮರ, ಚಿಗರಿ ಬಸ್ಸಿನ ಸ್ಟಾಪು ಐದು ನಿಮಿಷ. ಹೆಂಡತಿಗೆ ಅಡುಗೆ ಮನೆಯ ಕಿಟಕಿ ಇಷ್ಟ ಆಗಿಬಿಟ್ಟಿತು. ಮಾರುವ ಹಿರಿಯರು ಸಜ್ಜನರು. ಇ.ಸಿ. (ಋಣಭಾರ ಪ್ರಮಾಣಪತ್ರ) ನೋಡಿದೆ, ಬೋಜಾ, ಅಂದರೆ ಆಸ್ತಿ ಮೇಲಿನ ಸಾಲ, ಇಲ್ಲ. ತೆರಿಗೆ ರಸೀದಿ ನೋಡಿದೆ, ಚೊಕ್ಕ. ಇನ್ನೇನು ಬೇಕು ಅಂತ ಒಂದು ಲಕ್ಷ ಸಂಚಕಾರ ಕೊಟ್ಟುಬಿಟ್ಟೆ.

ಬ್ಯಾಂಕಿನ ವಕೀಲರ ಆಫೀಸಿನಲ್ಲಿ ಆ ಫೈಲು ಇಟ್ಟಾಗ ಅವರು ಓದಲೇ ಇಲ್ಲ ಅಂತ ನನಗನಿಸಿತು. ಸರಸರ ಹಾಳೆ ತಿರುವುತ್ತಾ ಹೋದರು. ಒಂದು ಕಡೆ ನಿಂತರು. ಹಳದಿ ಆಗಿದ್ದ ಸ್ಟ್ಯಾಂಪ್ ಪೇಪರ್ ಮೇಲೆ ಬೆರಳಿಟ್ಟು, "ಇದು ವಾಟ್ನಿ ಪತ್ರ, ಆಸ್ತಿ ಪಾಲು ಹಂಚಿಕೊಂಡದ್ದು. ರಿಜಿಸ್ಟರ್ ಆಗಿಲ್ಲ. ಇಬ್ಬರು ಅಣ್ಣತಮ್ಮಂದಿರ ಸಹಿ ಅದ. ಇವರಿಗೆ ಅಕ್ಕ-ತಂಗಿ ಇಲ್ಲೇನ್ರಿ?" ಅಂದರು. ನಾನು ಮಾರುವ ಹಿರಿಯರ ಮುಖ ನೋಡಿದೆ. ಅವರು ಫ್ಯಾನ್ ನೋಡಿದರು.

ಇದ್ದರು. ರಾಣೇಬೆನ್ನೂರಿಗೆ ಕೊಟ್ಟ ತಂಗಿ. ತಂದೆ ಮೃತ್ಯುಪತ್ರ ಬರೆಯದೆ ತೀರಿಕೊಂಡರೆ ಅವರ ಸ್ವಂತ ಸಂಪಾದನೆಯ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು, ಇದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಇದೆ. ಪಿತ್ರಾರ್ಜಿತದಲ್ಲೂ ಮಗಳು ಸಮಾನ ಪಾಲುದಾರಳು ಅಂತ 2005ರ ತಿದ್ದುಪಡಿ ಹೇಳಿತು. ಸಹಿ ಮಾಡಿಸದೆ ಬಿಟ್ಟ ತಂಗಿಯ ಪಾಲು ಆ ಮನೆಯೊಳಗೆ ಹಾಗೇ ಕೂತಿತ್ತು. ನಾನು ನೋಡಿದ ಇ.ಸಿ. ಅದನ್ನ ಹೇಗೆ ತೋರಿಸೀತು? ಇ.ಸಿ.ಯಲ್ಲಿ ಕಾಣುವುದು ನೋಂದಣಿ ಆದ ವ್ಯವಹಾರ ಮಾತ್ರ. ಆಗದೇ ಉಳಿದದ್ದು ಅಲ್ಲಿರುವುದಿಲ್ಲ. ಕ್ಲರ್ಕ್ ಆದವನಿಗೆ ಇಷ್ಟು ಹೊಳೆಯಬೇಕಿತ್ತು.

ಐದು ತಿಂಗಳು ಹಿಡಿಯಿತು. ರಾಣೇಬೆನ್ನೂರಿನ ಆ ತಾಯಿ ಮೊದಲು ಬಾಗಿಲಲ್ಲೇ ನಿಲ್ಲಿಸಿ, "ಹಂಚಿಕೊಳ್ಳುವಾಗ ನನ್ನ ಕೇಳಲಿಲ್ಲ, ಈಗ ಸಹಿಗೆ ಬಂದೀರಿ" ಅಂದರು. ಅವರ ಮಾತು ನೂರಕ್ಕೆ ನೂರು ಸರಿ ಇತ್ತು. ಕೊನೆಗೆ ಅಣ್ಣ ಅವರ ಪಾಲಿನ ದುಡ್ಡು ಕೊಡಲು ಒಪ್ಪಿ, ತಂಗಿಯೂ ಮಾರುವವರಲ್ಲಿ ಒಬ್ಬರಾಗಿ ಖರೀದಿ ಪತ್ರಕ್ಕೆ ಸಹಿ ಹಾಕಿದರು. ಅಷ್ಟರಲ್ಲಿ ಬ್ಯಾಂಕಿನ ಮಂಜೂರಾತಿ ಅವಧಿ ಮುಗಿದು, ಪಿಂಚಣಿ ಸ್ಲಿಪ್ಪಿನಿಂದ ಹಿಡಿದು ಎಲ್ಲ ಮತ್ತೊಮ್ಮೆ ಕೊಡಬೇಕಾಯಿತು. ಅದಕ್ಕೇ ಹೇಳುವುದು, ವಕೀಲರ ಅಭಿಪ್ರಾಯ ಬರುವ ಮೊದಲು ಸಂಚಕಾರ ಕೊಡಬೇಡಿ. ಕೊಡಲೇಬೇಕಾದರೆ ಸಣ್ಣ ಮೊತ್ತ ಕೊಟ್ಟು, ಕಾಗದ ಸರಿ ಇಲ್ಲದಿದ್ದರೆ ದುಡ್ಡು ವಾಪಸ್ ಅಂತ ಬರೆಸಿಕೊಳ್ಳಿ.

ಹಾಗಾದರೆ ಏನೇನು ನೋಡಬೇಕು? ಖರೀದಿ ಪತ್ರ, ಅದರ ಹಿಂದಿನ ಮೂಲ ಪತ್ರಗಳು, ಬಹುತೇಕ ಕಡೆ 30 ವರ್ಷದ ಇ.ಸಿ. (ಕಾವೇರಿ ಪೋರ್ಟಲ್‌ನಲ್ಲಿ ಇತ್ತೀಚಿನದು ಮನೆಯಲ್ಲೇ ಕೂತು ತೆಗೆಯಬಹುದು, ತೀರಾ ಹಳೇದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಬೇಕಾಗಬಹುದು). ಹುಬ್ಬಳ್ಳಿ-ಧಾರವಾಡದ ಹಳೇ ಭಾಗದಲ್ಲಿ ಸಿಟಿ ಸರ್ವೆ ಆಗಿದೆ, ಹಾಗಾಗಿ ಸಿಟಿಎಸ್ ಉತಾರ ಬೇಕು. ಬೆಂಗಳೂರಿನ ಹೆಡ್ ಆಫೀಸಿನಿಂದ ಬಂದ ಅಧಿಕಾರಿಗೆ ಕೆಲವೊಮ್ಮೆ ಇದೇನು ಅಂತಲೇ ಗೊತ್ತಿರುವುದಿಲ್ಲ, ಅವರಿಗೆ ಖಾತಾ ಒಂದೇ ಗೊತ್ತು. ಪಾಲಿಕೆಯ ಇ-ಖಾತಾ ಈಗ ನೋಂದಣಿಗೇ ಬೇಕು, ಅದಿಲ್ಲದೆ ಖರೀದಿ ಮುಂದೆ ಹೋಗುವುದಿಲ್ಲ. ಮನೆ ಕಟ್ಟಿದ ಪರವಾನಗಿ, ನಕ್ಷೆ, ಈ ವರ್ಷದ ತೆರಿಗೆ ರಸೀದಿ.

ಹೊಸ ಬಡಾವಣೆಯ ಪ್ಲಾಟ್ ಅಥವಾ ಮನೆ ಆದರೆ ಮೊದಲನೇ ಪ್ರಶ್ನೆ: ಎನ್.ಎ., ಅಂದರೆ ಹೊಲ ಕೃಷಿಯೇತರ ಜಮೀನಾಗಿ ಬದಲಾಗಿದೆಯಾ? ನಮ್ಮ ಹಿರಿಯರ ಬಾಯಲ್ಲಿ ಬಿನ್‌ಶೇತ್ಕಿ. ಎರಡನೇದು: ಬಡಾವಣೆ ನಕ್ಷೆಗೆ ನವನಗರದ ಹುಡಾ, ಅಂದರೆ ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರದಿಂದ ಒಪ್ಪಿಗೆ ಇದೆಯಾ? ಗದಗ-ಬೆಟಗೇರಿ, ಹಾವೇರಿಯಲ್ಲಿ ಅಲ್ಲಲ್ಲಿನ ನಗರಾಭಿವೃದ್ಧಿ ಪ್ರಾಧಿಕಾರ. ಬೈಪಾಸ್ ಆಚೆ ಹೊಲವನ್ನು ಗುಂಟೆ ಲೆಕ್ಕದಲ್ಲಿ ಕೊಯ್ದು ಮಾರುವ "ಗುಂಟೆ ಪ್ಲಾಟ್" ಇದೆಯಲ್ಲ, ಅರ್ಧ ಬೆಲೆಗೆ ಸಿಗುತ್ತದೆ. ಬ್ಯಾಂಕು ಅದಕ್ಕೆ ಸಾಲ ಕೊಡುವುದಿಲ್ಲ. ಬ್ಯಾಂಕಿನವರು ಬೇಡ ಅಂದಾಗ ಸಿಟ್ಟು ಬರುತ್ತದೆ, ಆದರೆ ಆ ನಿರಾಕರಣೆ ಒಂದು ಪುಕ್ಕಟೆ ಸಲಹೆ ಅಂತ ತಿಳಿಯಿರಿ. ಪೂರ್ತಿ ನಗದು ಕೊಟ್ಟು ಅಂಥದ್ದನ್ನೇ ಕೊಂಡ ಸುಬೇದಾರರೊಬ್ಬರು ಈಗಲೂ ಅಲ್ಲಿ ಜೋಳ ಬೆಳೆಯುತ್ತಿದ್ದಾರೆ.

ಹಳ್ಳಿಯಲ್ಲೇ ಮನೆ ಕಟ್ಟುವವರಿಗೆ ಪಂಚಾಯಿತಿಯ ಇ-ಸ್ವತ್ತು, ಅಂದರೆ ನಮೂನೆ 9 ಮತ್ತು 11 ಬೇಕು. ಹೊಲದ ಉತಾರದ ಮೇಲೆ ಮನೆ ಸಾಲ ಸಿಗುವುದಿಲ್ಲ. ಕಟ್ಟುವ ಸಾಲ ಒಟ್ಟಿಗೆ ಕೈಗೆ ಬರುವುದಿಲ್ಲ ಅನ್ನೋದೂ ಗೊತ್ತಿರಲಿ. ಪಾಯ, ಲಿಂಟಲ್, ಸ್ಲ್ಯಾಬು, ಪ್ಲಾಸ್ಟರ್, ಹೀಗೆ ಹಂತ ಹಂತವಾಗಿ ಇಂಜಿನಿಯರ್ ನೋಡಿ ಹೋದ ಮೇಲೆ ಬಿಡುಗಡೆ. ಗೌಂಡಿಗೆ ಶನಿವಾರ ಬಟವಾಡೆ ಕೊಡಬೇಕು, ಬ್ಯಾಂಕಿನ ಇಂಜಿನಿಯರ್ ಬರುವುದು ಮುಂದಿನ ಬುಧವಾರ. ನಡುವಿನ ಅಷ್ಟು ದುಡ್ಡು ನಿಮ್ಮ ಹತ್ತಿರ ಇರಲೇಬೇಕು.

ಸರ್ಕಾರದಿಂದ ಏನೂ ಸಿಗುವುದಿಲ್ವಾ ಅಂದರೆ, ಸಿಗುತ್ತದೆ, ಆದರೆ "ಮಾಜಿ ಸೈನಿಕ" ಅನ್ನೋ ಕಾರಣಕ್ಕಲ್ಲ. ಪ್ರಧಾನಮಂತ್ರಿ ಆವಾಸ್ ನಗರ 2.0ರಲ್ಲಿ ಬಡ್ಡಿ ಸಹಾಯಧನ ಇದೆ. ಕುಟುಂಬದ ವಾರ್ಷಿಕ ಆದಾಯ 9 ಲಕ್ಷದೊಳಗೆ, ಮನೆಯ ಬೆಲೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ ಇರಬೇಕು. ಸಾಲದ ಮೊದಲ 8 ಲಕ್ಷಕ್ಕೆ ಶೇ. 4 ಸಹಾಯಧನ, 12 ವರ್ಷದ ಅವಧಿವರೆಗೆ. ಗರಿಷ್ಠ 1.80 ಲಕ್ಷ, ಐದು ವಾರ್ಷಿಕ ಕಂತುಗಳಲ್ಲಿ ಸಾಲಕ್ಕೆ ಜಮೆ. ದೇಶದಲ್ಲಿ ಎಲ್ಲೂ ನಿಮ್ಮ, ನಿಮ್ಮ ಹೆಂಡತಿಯ, ಮದುವೆ ಆಗದ ಮಕ್ಕಳ ಹೆಸರಲ್ಲಿ ಪಕ್ಕಾ ಮನೆ ಇರಬಾರದು. ಜವಾನರಿಂದ ಹವಾಲ್ದಾರ್‌ವರೆಗೆ ಬಹಳಷ್ಟು ಮಂದಿ ಈ ಮಿತಿಯೊಳಗೇ ಇರುತ್ತಾರೆ. ನನಗೆ ಇದು ಗೊತ್ತಾಗುವ ಹೊತ್ತಿಗೆ ನನ್ನ ಖರೀದಿ ಮುಗಿದಿತ್ತು, ಇರಲಿ.

ಯುದ್ಧದಲ್ಲಿ ಗಾಯಗೊಂಡು ಅಂಗವಿಕಲರಾದವರಿಗೆ, ಹುತಾತ್ಮರ ಮನೆಯವರಿಗೆ, ಕರ್ತವ್ಯದ ಕಾರಣಕ್ಕೆ ಶಾಂತಿಕಾಲದಲ್ಲಿ ಹಾನಿಯಾದವರಿಗೆ ಕೇಂದ್ರೀಯ ಸೈನಿಕ ಮಂಡಳಿಯಿಂದ ಮನೆ ಸಾಲದ ಬಡ್ಡಿಯಲ್ಲಿ ಅರ್ಧ ವಾಪಸ್ ಕೊಡುವ ಯೋಜನೆ ಇದೆ. ಆದರೆ ಅದು 1 ಲಕ್ಷದವರೆಗಿನ ಸಾಲಕ್ಕೆ. ಇವತ್ತಿನ ಕಾಲದಲ್ಲಿ ಒಂದು ಲಕ್ಷಕ್ಕೆ ಪಾಯವೂ ಮೇಲೇಳುವುದಿಲ್ಲ. ನಗರಾಭಿವೃದ್ಧಿ ಪ್ರಾಧಿಕಾರಗಳು ನಿವೇಶನ ಹಂಚುವಾಗ ಮಾಜಿ ಸೈನಿಕರಿಗೆ ಮೀಸಲು ಇರುತ್ತದೆ, ಪ್ರಕಟಣೆ ಬಂದಾಗ ಕಣ್ಣಿಡಿ. ತೆರಿಗೆ ಉಳಿಸಲು ಮನೆ ಸಾಲ ತಗೊಳ್ಳಿ ಅನ್ನುವವರ ಮಾತು ಸುಮ್ನೆ ಕೇಳಿ ಬಿಟ್ಟುಬಿಡಿ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ, ಸ್ವಂತ ವಾಸದ ಮನೆಯ ಬಡ್ಡಿಗೆ ವಿನಾಯಿತಿಯೂ ಇಲ್ಲ.

ಹೆಂಡತಿಯನ್ನ ಜೊತೆ ಸಾಲಗಾರಳನ್ನಾಗಿ ಮಾಡಿ ಅಂತ ಬ್ಯಾಂಕು ಹೇಳುತ್ತದೆ. ಕುಟುಂಬ ಪಿಂಚಣಿ ಅವಳಿಗೇ ಬರುವುದರಿಂದ. ಇಲ್ಲಿ ಒಂದು ಲೆಕ್ಕ ಮರೆಯಬಾರದು. ನಿಮ್ಮ ಪಿಂಚಣಿ ಕೊನೆಯ ಸಂಬಳದ ಶೇ. 50. ಸಾಮಾನ್ಯ ಕುಟುಂಬ ಪಿಂಚಣಿ ಶೇ. 30. ಮೊದಲ ಕೆಲವು ವರ್ಷ ಹೆಚ್ಚಿನ ದರ ಸಿಕ್ಕರೂ ಆಮೇಲೆ ಇಳಿಯುತ್ತದೆ. ಕಂತು ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಸಾಲದಷ್ಟು ಮೊತ್ತದ ಟರ್ಮ್ ವಿಮೆ ಇರಲಿ. ಬ್ಯಾಂಕಿನವರು ಒಂದೇ ಕಂತಿನ ವಿಮೆ ಸೇರಿಸಿ ಸಾಲದ ಮೊತ್ತ ಏರಿಸಲು ನೋಡುತ್ತಾರೆ. "ಕಂಪಲ್ಸರಿ ಸರ್" ಅಂತ ನನಗೂ ಹೇಳಿದರು. ಅವರ ಹತ್ತಿರವೇ ಜೀವವಿಮೆ ಮಾಡಿಸಬೇಕು ಅಂತ ಕಡ್ಡಾಯ ಇಲ್ಲ. ಹಾಗಂತ ಬರೆದು ಕೊಡಿ ಅಂದೆ, ಮಾತು ಅಲ್ಲಿಗೆ ನಿಂತಿತು.

ಬಡ್ಡಿ ಬದಲಾಗುವ ದರದ್ದೇ ತಗೊಳ್ಳಿ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಇಂಥ ಹೊಸ ಗೃಹಸಾಲ ರಿಸರ್ವ್ ಬ್ಯಾಂಕಿನ ರೆಪೋದಂಥ ಹೊರಗಿನ ದರಕ್ಕೆ ಜೋಡಣೆ ಆಗಿದೆ, ಅದು ಇಳಿದರೆ ನಿಮ್ಮದೂ ಇಳಿಯುತ್ತದೆ. ಇಂಥ ಸಾಲವನ್ನ ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಒನ್ ರ‍್ಯಾಂಕ್ ಒನ್ ಪೆನ್ಶನ್ ಪರಿಷ್ಕರಣೆ ಆದಾಗ ಬರುವ ಬಾಕಿ ದುಡ್ಡನ್ನ ನಾನು ಸೀದಾ ಅಸಲಿಗೆ ಹಾಕುತ್ತೇನೆ. 15 ವರ್ಷ ಮುಗಿದು ಮಾರಿದ ಪಿಂಚಣಿ ವಾಪಸ್ ಬಂದಾಗಲೂ ಅದೇ ಯೋಚನೆ.

ಸಾಲ ತೀರಿದ ಮೇಲೆ ಮೂಲ ಪತ್ರಗಳನ್ನ 30 ದಿನದೊಳಗೆ ವಾಪಸ್ ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತ ರಿಸರ್ವ್ ಬ್ಯಾಂಕು 2023ರಲ್ಲಿ ಆದೇಶ ಮಾಡಿದೆ. ಪತ್ರ ಕೈಗೆ ಬಂತು ಅಂತ ಬೀರುವಿನಲ್ಲಿಟ್ಟು ಸುಮ್ಮನಾಗಬೇಡಿ. ಬ್ಯಾಂಕಿನ ಪತ್ರ ಹಿಡಿದು ಹೋಗಿ ಬೋಜಾ ಕಡಿಮೆ ಮಾಡಿಸಿ, ಹೊಸ ಇ.ಸಿ. ತೆಗೆಸಿ ನೋಡಿ. ನನ್ನ ಮನೆಯ ಇ.ಸಿ.ಯಲ್ಲಿ ಸದ್ಯ ಬ್ಯಾಂಕಿನ ಹೆಸರಿದೆ. ಅದರ ಮೇಲಿನ ಸಾಲಿನಲ್ಲಿ, ಮಾರಿದವರ ಪಟ್ಟಿಯಲ್ಲಿ, ರಾಣೇಬೆನ್ನೂರಿನ ಆ ತಾಯಿಯ ಹೆಸರೂ ಇದೆ.